ಸಾವನದುರ್ಗದ ಮುತ್ತಿಗೆ ಮತ್ತು ಮೈಸೂರು ಯುದ್ಧಗಳ ಪದಕಗಳು

ಮೂರನೆಯ ಮೈಸೂರು ಯುದ್ಧದಲ್ಲಿ (1790–92) ತನ್ನ ಪರವಾಗಿ ಕಾದಿದ ಭಾರತೀಯ ಸೈನಿಕರಿಗೆ ಈಸ್ಟ್ ಇಂಡಿಯಾ ಕಂಪನಿ ಕೊಟ್ಟ ಪದಕವು ರಾಮನಗರ ಸೀಮೆಯ ಇತಿಹಾಸಕ್ಕೂ ಸೇರಿದ ದಾಖಲೆ. ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಹೋಗುವ ಚನ್ನಪಟ್ಟಣದ ನೇರ ದಾರಿಗೆ ರಾಮಗಿರಿ, ಶಿವನಗಿರಿಗಳ ಕೋಟೆಗಳು ಕಾವಲಿದ್ದವು. ಹೀಗಾಗಿ 1791ರ ಮೇ ತಿಂಗಳಲ್ಲಿ ಕಂಪನಿಯ ಸೇನಾಪತಿ ಕಾರ್ನ್‌ವಾಲಿಸ್ ಕಾನಕಾನಹಳ್ಳಿಯ (ಇಂದಿನ ಕನಕಪುರ) ಬಳಸುದಾರಿ ಹಿಡಿದ. ಆ ಪ್ರದೇಶವನ್ನು ಮೈಸೂರಿನ ಸುಲ್ತಾನ ಟಿಪ್ಪು ಮೊದಲೇ ಬರಿದು ಮಾಡಿಸಿದ್ದನು. ಮೇವು ಧಾನ್ಯಗಳಿಲ್ಲದೆ, ಮಳೆಗೆ ಸಿಕ್ಕಿ ಕಂಪನಿಯ ಸೇನೆ ಹಿಂದಿರುಗಬೇಕಾಯಿತು. ಡಿಸೆಂಬರಿನಲ್ಲಿ ಅದು ದುರ್ಗಗಳಿಗೇ ಕೈಹಾಕಿತು. ಮಾಗಡಿ ಬಳಿಯ ಸಾವನದುರ್ಗ 21ರಂದು ಬಿತ್ತು. ರಾಮಗಿರಿ, ಹುತ್ರಿದುರ್ಗಗಳೂ ಬೆನ್ನಿಗೇ ಕಂಪನಿಯ ಕೈಸೇರಿದವು.

ಪದಕದ ಒಂದು ಮುಖದಲ್ಲಿ ಕಳಚಿಬಿದ್ದ ಫಿರಂಗಿಯ ಮೇಲೆ ಕಾಲಿಟ್ಟು ನಿಂತ ಸಿಪಾಯಿ. ಒಂದು ಕೈಯಲ್ಲಿ ಕಂಪನಿಯ ಬಾವುಟ, ಇನ್ನೊಂದರಲ್ಲಿ ಕಸಿದುಕೊಂಡ ಮೈಸೂರಿನ ಬಾವುಟ. ಹಿಂಬದಿಯಲ್ಲಿ ಇಂಗ್ಲಿಷ್ ಮತ್ತು ಪರ್ಷಿಯನ್ ಬರಹಗಳಿವೆ, ಕನ್ನಡವಿಲ್ಲ. ಸುಬೇದಾರರಿಗೆ ಚಿನ್ನ, ಜಮಾದಾರರಿಗೆ ಬೆಳ್ಳಿ, ಹವಾಲ್ದಾರ ಮತ್ತು ಸಿಪಾಯಿಗಳಿಗೆ ಅಳತೆಯಲ್ಲಿ ಚಿಕ್ಕದಾದ ಬೆಳ್ಳಿ. ಇದಕ್ಕೆ ಹೋಲಿಸಿದರೆ, 1813ರಲ್ಲಿ ಪ್ರಷ್ಯದ ಅರಸ ಮೂರನೆಯ ಫ್ರೆಡ್ರಿಕ್ ವಿಲ್‌ಹೆಲ್ಮ್ ಸ್ಥಾಪಿಸಿದ ಕಬ್ಬಿಣದ ಶಿಲುಬೆಯ ಲೋಹದಲ್ಲಿ ಹುದ್ದೆಯ ಭೇದವಿರಲಿಲ್ಲ. ಸೇನಾನಿಗೂ ಸಾಮಾನ್ಯ ಸೈನಿಕನಿಗೂ ಕಬ್ಬಿಣವೇ. ಕಂಪನಿಯ ಪದಕ ಶೌರ್ಯವನ್ನಲ್ಲ, ಹುದ್ದೆಯನ್ನು ತೂಗುತ್ತದೆ.

1799ರಲ್ಲಿ ಟಿಪ್ಪುವಿನ ರಾಜಧಾನಿ ಬಿದ್ದುದರ ನೆನಪಿಗೆ ಕೊಟ್ಟ ಶ್ರೀರಂಗಪಟ್ಟಣ ಪದಕದಲ್ಲಿ ಈ ಶ್ರೇಣಿ ಇನ್ನೂ ಬೆಳೆದು ಚಿನ್ನ, ಚಿನ್ನದ ಮುಲಾಮಿನ ಬೆಳ್ಳಿ, ಬೆಳ್ಳಿ, ಕಂಚು, ತವರ ಎಂದು ಐದಾಯಿತು. ಜರ್ಮನ್ ಕಲಾವಿದ ಕ್ಯೂಕ್ಲರ್ ಕೆತ್ತಿದ ಅಚ್ಚಿನಲ್ಲಿ ಬ್ರಿಟಿಷ್ ಸಿಂಹ ಮೈಸೂರಿನ ಹುಲಿಯನ್ನು ಮೆಟ್ಟಿದೆ. ಮೇಲಿನ ಪತಾಕೆಯಲ್ಲಿರುವ ‘ಅಸದುಲ್ಲಾ ಅಲ್-ಗಾಲಿಬ್’ (ದೇವರ ವಿಜಯಿ ಸಿಂಹ) ಎಂಬ ಅರಬ್ಬಿ ನುಡಿ ಟಿಪ್ಪುವಿನ ಆಯುಧಗಳ ಮೇಲೆ ಹುಲಿಮುಖದ ಆಕಾರದಲ್ಲಿ ಬರೆಯಿಸಲಾಗುತ್ತಿದ್ದ ನುಡಿಯೇ. ಸೋತವನ ನುಡಿಯನ್ನೇ ಗೆದ್ದವರು ತಮ್ಮ ಸಿಂಹಕ್ಕೆ ತೊಡಿಸಿದ ಈ ಕೆತ್ತನೆ, ಆ ಕಾಲದ ರಾಜಕೀಯ ಪ್ರಚಾರಕ್ಕೆ ಸಿಗುವ ಅತ್ಯಂತ ತೀಕ್ಷ್ಣ ಸಾಕ್ಷ್ಯಗಳಲ್ಲೊಂದು.

ಇಂದು ಈ ಪದಕಗಳನ್ನು ಗುರುತಿಸಬೇಕಾದ ಸಂಗ್ರಾಹಕರಿಗೆ ಮೊದಲ ಪರೀಕ್ಷೆ ಅಳತೆ. ಬರ್ಮಿಂಗ್‌ಹ್ಯಾಮಿನ ಸೋಹೊ ಟಂಕಸಾಲೆಯ ಶ್ರೀರಂಗಪಟ್ಟಣ ಪದಕ 48 ಮಿಲಿಮೀಟರ್, ಕಲ್ಕತ್ತೆಯದು ಸುಮಾರು 45 ಮತ್ತು ಕೆತ್ತನೆಯಲ್ಲಿ ಒರಟು. ನಂತರದ ಮರುಮುದ್ರಣಗಳೂ ಮಾರುಕಟ್ಟೆಯಲ್ಲಿವೆ. ತವರದ ಪದಕಗಳು ಬೇಗ ಸವೆಯುತ್ತವೆ, ಉಜ್ಜಿ ಹೊಳಪಿಸಿದರೆ ಕೆತ್ತನೆಯೇ ಅಳಿಸಿಹೋಗುತ್ತದೆ. ಎರಡೂ ಪದಕಗಳ ಮೇಲೆ ಪಡೆದವರ ಹೆಸರಿಲ್ಲದ ಕಾರಣ, ಕೈಬದಲಾದ ವಿವರಗಳ ಕಾಗದಪತ್ರವಿಲ್ಲದೆ ಒಂದು ಪದಕವನ್ನು ನಿರ್ದಿಷ್ಟ ಸಿಪಾಯಿಗೆ ಅಥವಾ ಸಾವನದುರ್ಗದಂಥ ಒಂದೇ ಮುತ್ತಿಗೆಗೆ ಸೇರಿಸುವುದು ಸರಿಯಲ್ಲ. ನೂರು ವರ್ಷ ದಾಟಿದ ಇಂಥ ಕಲಾವಸ್ತುಗಳನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸುವುದನ್ನು 1972ರ ಪುರಾವಸ್ತು ಮತ್ತು ಕಲಾ ನಿಧಿ ಕಾಯ್ದೆ ನಿಷೇಧಿಸಿದೆ.