ಗುಂಡಿನ ಲೆಕ್ಕ, ಹಕ್ಕಿಯ ಲೆಕ್ಕ

ಆಫ್ರಿಕಾದಲ್ಲಿ ಚಳಿಗಾಲ ಕಳೆದ ಜೇನುಗಿಡುಗಗಳು ಏಪ್ರಿಲ್ ಕೊನೆಯಿಂದ ಮೇ ನಡುವಿನ ತನಕ ಗುಂಪುಗುಂಪಾಗಿ ಯುರೋಪಿನ ಕಾಡುಗಳಿಗೆ ಮರಳುತ್ತವೆ. ಅಷ್ಟು ದೂರವನ್ನು ರೆಕ್ಕೆ ಬಡಿದೇ ಸಾಗಿದರೆ ಮೈಯಲ್ಲಿ ಕಸುವು ಉಳಿಯುವುದಿಲ್ಲ. ಕಾದ ನೆಲದಿಂದ ಏಳುವ ಬಿಸಿಗಾಳಿಯನ್ನು ಹಿಡಿದು ಸುತ್ತುತ್ತ ಮೇಲೇರಿ, ಅಲ್ಲಿಂದ ರೆಕ್ಕೆ ಚಾಚಿ ಜಾರುವುದು ಅವುಗಳ ಕ್ರಮ. ಕಡಲಿನ ಮೇಲೆ ಅಂಥ ಗಾಳಿ ಸಿಗುವುದು ಕಷ್ಟ. ಹಾಗಾಗಿ ಅನೇಕ ಹಕ್ಕಿಗಳು ಟ್ಯುನೀಷಿಯಾದ ಕ್ಯಾಪ್ ಬಾನ್ ತುದಿಯಿಂದ ಸುಮಾರು 150 ಕಿಲೋಮೀಟರ್ ನೀರು ದಾಟಿ, ಸಿಸಿಲಿಯ ಮೇಲೆ ಹಾದು, ಅದರ ಈಶಾನ್ಯ ಮೂಲೆಯ ಮೆಸ್ಸಿನಾ ಜಲಸಂಧಿಗೆ ಬರುತ್ತವೆ. ತೀರಾ ಕಿರಿದಾದಲ್ಲಿ ಅದರ ಅಗಲ ಮೂರು ಕಿಲೋಮೀಟರ್ ಚಿಲ್ಲರೆ. ಆಚೆ ದಡವೇ ಕಲಾಬ್ರಿಯಾ. ಗಾಳಿ ಜೋರಾಗಿದ್ದ ದಿನ ದಣಿದ ಹಕ್ಕಿಗಳು ಬೆಟ್ಟದ ನೆತ್ತಿಗೆ ತಾಗಿಕೊಂಡೇ ಹಾರುತ್ತವೆ.

ಎರಡೂ ದಡದ ಕೋವಿಗಳು ತಲೆಮಾರುಗಳ ಕಾಲ ಕಾದದ್ದು ಅಂಥ ದಿನಗಳಿಗೇ. ಕಲಾಬ್ರಿಯಾದವರು ಈ ಹಕ್ಕಿಯನ್ನು ಅಡೋರ್ನೊ ಅನ್ನುತ್ತಾರೆ. ವರ್ಷಕ್ಕೆ ಒಂದನ್ನಾದರೂ ಹೊಡೆಯದ ಗಂಡಸಿನ ಹೆಂಡತಿ ಪರಪುರುಷನ ಪಾಲಾಗುತ್ತಾಳೆ ಎಂಬ ನಂಬಿಕೆ ಅಲ್ಲಿತ್ತು. ಕೂತು ಗುರಿಯಿಡಲು ಕಾಂಕ್ರೀಟಿನ ಗೂಡುಗಳನ್ನೇ ಕಟ್ಟಿಕೊಂಡಿದ್ದರು. ಕಣಜದ ಗೂಡು ಕೆದಕಿ ಮರಿಹುಳು ತಿನ್ನುವ, ಯಾರ ಕೋಳಿಯ ತಂಟೆಗೂ ಹೋಗದ ಹಕ್ಕಿಯ ಮೇಲೆ ಗಂಡಸರ ಮಾನದ ಭಾರ ಬಿದ್ದಿತ್ತು. 1970ರ ದಶಕದಲ್ಲಿ ಬೇಟೆಹಕ್ಕಿಗಳಿಗೆ ಕಾನೂನಿನ ರಕ್ಷಣೆ ಬಂತು. ಬೆಟ್ಟದ ಮೇಲೆ ಕೋವಿಯ ಸದ್ದು ನಿಲ್ಲಲಿಲ್ಲ.

ಮೆಸ್ಸಿನಾದ ಅನ್ನಾ ಜೋರ್ಡಾನೊ ಈ ಕೊಲೆಯನ್ನು ಕಣ್ಣಾರೆ ಕಂಡದ್ದು 1981ರಲ್ಲಿ, ಹದಿನೈದರ ವಯಸ್ಸಿನಲ್ಲಿ. 1984ರ ಹೊತ್ತಿಗೆ ಆಕೆ ಜೊತೆಗಾರರನ್ನು ಸೇರಿಸಿ ಬೆಟ್ಟದ ಮೇಲೆ ಶಿಬಿರ ಹೂಡಿದ್ದಳು. ಅವರು ಎರಡು ಲೆಕ್ಕ ಬರೆದರು: ದಾಟಿದ ಹಕ್ಕಿಗಳದ್ದೊಂದು, ಕಿವಿಗೆ ಬಿದ್ದ ಗುಂಡುಗಳದ್ದೊಂದು. ಆ ವಸಂತದಲ್ಲಿ ಹಕ್ಕಿಗಳು 3,000 ಚಿಲ್ಲರೆ, ಗುಂಡುಗಳು ಸಾವಿರಕ್ಕೂ ಮೇಲೆ. 1986ರಲ್ಲಿ ಆಕೆಯ ಕಾರಿಗೆ ಬೆಂಕಿ ಬಿತ್ತು. ಆಕೆ ಬೆಟ್ಟ ಬಿಡಲಿಲ್ಲ. 1998ರಲ್ಲಿ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂದಾಗ ಹೊರಗಿನ ಜಗತ್ತು ಆ ಹೆಸರನ್ನು ಕೇಳಿತು.

ನಾನು ಶಿರಸಿ ಕಡೆಯ ಶಾಲಾ ಮಾಸ್ತರ. ಜನಗಣತಿಗೆಂದು ಮನೆಮನೆ ತಿರುಗಿದವನು. ಮಗಳು ಸಿಸಿಲಿಯಲ್ಲಿ ಓದುತ್ತಿದ್ದಾಗ ಒಂದು ಮೇ ತಿಂಗಳು ಅವಳೊಂದಿಗೆ ಆ ಬೆಟ್ಟ ಹತ್ತಿದ್ದೆ. ಜನಗಣತಿಯಲ್ಲಿ ಎಣಿಸಿದ ಮನೆಯ ಗೋಡೆಗೆ ನಂಬರು ಬರೆದು ಮುಂದೆ ಹೋಗುತ್ತೇವೆ, ಇಲ್ಲಿ ಬರೆಯಲು ಗೋಡೆಯಿಲ್ಲ. ಹಕ್ಕಿಗಳು ಸುಳಿಯಾಗಿ ಮೇಲೇರುವಾಗ ಅನುಭವಿಗಳು ಎಣಿಸುವುದೇ ಇಲ್ಲ, ಸುಮ್ಮನೆ ಕಾಯುತ್ತಾರೆ. ತುದಿ ಮುಟ್ಟಿದ ಹಕ್ಕಿಗಳು ಒಂದರ ಹಿಂದೊಂದು ಸಾಲಾಗಿ ಜಾರತೊಡಗಿದಾಗ ಕೈಯಲ್ಲಿನ ಎಣಿಕೆಯಂತ್ರ ಟಿಕ್ ಟಿಕ್ ಎನ್ನುತ್ತದೆ. ಒಂದು ಹಕ್ಕಿ ನಮ್ಮ ತಲೆಯ ಮೇಲೇ ಬಂತು. ಪಾರಿವಾಳದ ಹಾಗೆ ಸಣ್ಣ ತಲೆ, ಮುಂದೆ ಚಾಚಿದ ಕತ್ತು. ಕಣಜದ ಕೊಂಡಿ ನಾಟದಂತೆ ಕಣ್ಣಿನ ಸುತ್ತ ಒತ್ತಾದ ಪುಟ್ಟ ಗರಿಗಳಿರುತ್ತವೆ ಎಂದು ಓದಿದ್ದೆ. ದುರ್ಬೀನಿನಲ್ಲಿ ಆ ಕಡೆ ನುಣ್ಣಗೆ ಕಂಡಿತು. ನಮ್ಮ ಹೆಜ್ಜೇನು ಹುಟ್ಟಿಗೆ ಎರಗುವ ಜೇನುಗಿಡುಗ ಬೇರೆ ಜಾತಿಯದಾದರೂ ಇದರ ಹತ್ತಿರದ ನೆಂಟ. ನನಗಂತೂ ಊರಿನವರು ಸಿಕ್ಕಷ್ಟು ಸಂತೋಷವಾಯಿತು.

2000ದ ಹೊತ್ತಿಗೆ ಒಂದೇ ವಸಂತದ ಎಣಿಕೆ 30,000 ದಾಟಿತ್ತು. ಇದನ್ನು ಹಕ್ಕಿಗಳೇ ಹತ್ತು ಪಟ್ಟಾದವು ಎಂದು ಓದಬಾರದು. ನೋಡುವ ಕಣ್ಣು ಹೆಚ್ಚಾದರೆ, ಕಾಯುವ ಹೊತ್ತು ಹೆಚ್ಚಾದರೆ ಅಂಕಿಯೂ ಬೆಳೆಯುತ್ತದೆ. ಜನಗಣತಿ ಮಾಡಿದವರಿಗೆ ಇದು ಗೊತ್ತು. ಈ ಇತಿಹಾಸದಲ್ಲಿ ನಾನು ಹೆಚ್ಚು ನಂಬುವುದು ಗುಂಡುಗಳ ಲೆಕ್ಕವನ್ನು. ಕಿವಿಗಳು ಹೆಚ್ಚಿದಷ್ಟೂ ಅದು ಏರಬೇಕಿತ್ತು, ಆದರೆ ಸಿಸಿಲಿಯ ದಡದಲ್ಲಿ ಇಳಿಯುತ್ತ ಬಂತು. ಕಲಾಬ್ರಿಯಾದಲ್ಲಿ ಅರಣ್ಯ ಪೊಲೀಸರು ವಸಂತದ ಗಸ್ತು ತಿರುಗಬೇಕಾಯಿತು. 2017ರಲ್ಲಿ ಆ ದಳ ಕಾರಾಬಿನಿಯೇರಿ ಪೊಲೀಸರೊಳಗೆ ವಿಲೀನವಾದ ಮೇಲೂ ಕದ್ದು ಹೊಡೆಯುವವರು ಸಿಕ್ಕಿಬಿದ್ದಿದ್ದಾರೆ. ಗುಂಡು ಕೇಳದ ದಿನವೂ ಆ ಅಂಕಣದಲ್ಲಿ ಸೊನ್ನೆ ಬರೆಯುವುದನ್ನು ಎಣಿಸುವವರು ಬಿಡಬಾರದು.