ಚಾರಣ: ಒಂದು ಹವ್ಯಾಸದ ಇತಿಹಾಸ

ಚಾರಣ: ಬೆಟ್ಟ, ಕಾಡು, ಹುಲ್ಲುಗಾವಲುಗಳಲ್ಲಿ ಸಂತೋಷಕ್ಕಾಗಿ ಕಾಲ್ನಡಿಗೆಯಲ್ಲಿ ಸುತ್ತುವ ಹವ್ಯಾಸ. ಹಗ್ಗ, ಮೊಳೆಗಳ ನೆರವಿನಿಂದ ಬಂಡೆ ಏರುವ ಶಿಲಾರೋಹಣಕ್ಕಿಂತ ಇದು ಬೇರೆ. ಇದಕ್ಕೆ ಬೇಕಾದದ್ದು ಗಟ್ಟಿ ಕಾಲು, ನೀರು, ಬುತ್ತಿ ಮತ್ತು ಬಿಡುವು. ಮನುಷ್ಯ ಬೆಟ್ಟ ಹತ್ತಿದ್ದು ಹೊಸದೇನಲ್ಲ. ದನ ಮೇಯಿಸಲು, ಜೇನು ಕೀಳಲು, ಹರಕೆ ತೀರಿಸಲು, ಉಪ್ಪು ಹೇರಿದ ಎತ್ತುಗಳನ್ನು ಘಟ್ಟ ಹತ್ತಿಸಲು ಜನ ತಲೆತಲಾಂತರದಿಂದ ನಡೆದಿದ್ದಾರೆ. ಆದರೆ ವಾರವಿಡೀ ದುಡಿದು, ರಜೆಯ ದಿನ ಯಾವ ಕೆಲಸದ ನೆಪವೂ ಇಲ್ಲದೆ ಬೆಟ್ಟಕ್ಕೆ ಹೋಗಿ ಬಂದು, ಮತ್ತೆ ಮುಂದಿನ ರಜೆಗೆ ಕಾಯುವ ರೂಢಿ ಸುಮಾರು ಇನ್ನೂರು ವರ್ಷದ್ದು. ಅದು ಬೆಳೆಯಲು ಮೂರು ಸಂಗತಿಗಳು ಕೂಡಿಬರಬೇಕಾಯಿತು: ಕೂಲಿಕಾರನಿಗೂ ಸಿಗುವ ವಾರದ ರಜೆ, ಬೆಟ್ಟದ ಬುಡದವರೆಗೆ ಅಗ್ಗದ ವಾಹನ, ನಡೆಯಲು ತೆರೆದ ದಾರಿ. ಮೂರರಲ್ಲಿ ಕೊನೆಯದೇ ಎಲ್ಲಕ್ಕಿಂತ ಕಷ್ಟದ್ದು. ಅದಕ್ಕಾಗಿ ಜನ ಜೈಲಿಗೂ ಹೋಗಿದ್ದಾರೆ.

ಇಟಲಿಯ ಕವಿ ಪೆಟ್ರಾರ್ಕ 1336ರ ಏಪ್ರಿಲ್‌ನಲ್ಲಿ ತಮ್ಮನನ್ನು ಕರೆದುಕೊಂಡು ಫ್ರಾನ್ಸಿನ ವಾಂಟೂ ಪರ್ವತ ಹತ್ತಿದ. ಮೇಲಿನಿಂದ ಏನು ಕಾಣುತ್ತದೆಂದು ನೋಡುವ ಆಸೆಯೊಂದೇ ಅದಕ್ಕೆ ಕಾರಣ ಎಂದು ಬರೆದಿಟ್ಟ. ಚಾರಣದ ಇತಿಹಾಸವನ್ನು ಇಲ್ಲಿಂದ ಶುರುಮಾಡುವುದು ವಾಡಿಕೆ. ಆದರೆ ಒಬ್ಬ ಕವಿ ಒಂದು ಸಲ ಹತ್ತಿದ ಮಾತ್ರಕ್ಕೆ ಅದು ಹವ್ಯಾಸವಾಗುವುದಿಲ್ಲ. ನಿಜವಾದ ಬದಲಾವಣೆ 18ನೆಯ ಶತಮಾನದ ಕೊನೆಗೆ ಕಾಣುತ್ತದೆ. ಅಲ್ಲಿಯವರೆಗೆ ಯುರೋಪಿನಲ್ಲಿ ದೂರದೂರಿಗೆ ನಡೆದು ಹೋಗುವವನೆಂದರೆ ಬಡವ, ಇಲ್ಲವೆ ಅಲೆಮಾರಿ. ಉಳ್ಳವರು ಕುದುರೆಯನ್ನೋ ಸಾರೋಟನ್ನೋ ಏರುತ್ತಿದ್ದರು. 1790ರಲ್ಲಿ ಇಪ್ಪತ್ತರ ಹರೆಯದ ಇಂಗ್ಲಿಷ್ ಕವಿ ವರ್ಡ್ಸ್‌ವರ್ತ್ ಕಾಲೇಜಿನ ಗೆಳೆಯ ರಾಬರ್ಟ್ ಜೋನ್ಸ್ ಜೊತೆ ಫ್ರಾನ್ಸನ್ನು ದಾಟಿ ಆಲ್ಪ್ಸ್‌ವರೆಗೆ ನಡೆದ. ನಡಿಗೆ ಬಡತನದ ಗುರುತಾಗದೆ ಮನಸ್ಸಿನ ಹಿಗ್ಗಿನ ದಾರಿಯೂ ಆಗಬಹುದೆಂಬ ಭಾವನೆ ಅವನ ಪೀಳಿಗೆಯ ಕವಿಗಳಿಂದ ಬಲವಾಯಿತು. 1857ರಲ್ಲಿ ಲಂಡನ್ನಿನಲ್ಲಿ ಆಲ್ಪೈನ್ ಕ್ಲಬ್ ಹುಟ್ಟಿತು. ಅದು ಉಳ್ಳವರ ಕೂಟ. 1868ರಲ್ಲಿ ಶುರುವಾದ ನಾರ್ವೆಯ ಚಾರಣ ಸಂಘದ ದಾರಿ ಬೇರೆ. ಅದು ಬೆಟ್ಟಗಳಲ್ಲಿ ತಂಗುಮನೆಗಳನ್ನು ಕಟ್ಟಿಸಿತು. ಅದರ ಕಾಲುದಾರಿಗಳುದ್ದಕ್ಕೂ ಕಲ್ಲುಗಳ ಮೇಲೆ ಬರೆದ ಕೆಂಪು ‘ಟಿ’ ಅಕ್ಷರ ಇಂದಿಗೂ ನಡೆಯುವವರಿಗೆ ದಿಕ್ಕು ತೋರುತ್ತದೆ.

ಗಿರಣಿ ಊರುಗಳ ಭಾನುವಾರ

ಚಾರಣವನ್ನು ಸಾಮಾನ್ಯರ ವಾರದ ಅಭ್ಯಾಸವಾಗಿ ಮಾಡಿದ ಶ್ರೇಯಸ್ಸು ಉತ್ತರ ಇಂಗ್ಲೆಂಡಿನ ಗಿರಣಿ ಊರುಗಳಿಗೆ ಸಲ್ಲಬೇಕು. ಮ್ಯಾಂಚೆಸ್ಟರಿನಲ್ಲಿ ಹತ್ತಿಯ ಗಿರಣಿ, ಶೆಫೀಲ್ಡಿನಲ್ಲಿ ಉಕ್ಕಿನ ಕುಲುಮೆ. ಎರಡೂ ಊರುಗಳ ನಡುವೆ ಪೀಕ್ ಡಿಸ್ಟ್ರಿಕ್ಟಿನ ಬೆಟ್ಟಗಳು, ಗಾಳಿ ಬೀಸುವ ವಿಶಾಲ ಬಯಲು. ಹೊಗೆಯಲ್ಲಿ ಆರು ದಿನ ಕಳೆದವನಿಗೆ ಏಳನೆಯ ದಿನ ಆ ಬಯಲು ರೈಲಿನಲ್ಲಿ ಕೆಲವೇ ಮೈಲಿ ದೂರ. ಆದರೆ ಅಲ್ಲಿ ಕಾಲಿಡುವಂತಿರಲಿಲ್ಲ. ಊರೊಟ್ಟಿನ ಗೋಮಾಳಗಳನ್ನು ಬೇಲಿ ಹಾಕಿ ಖಾಸಗಿ ಆಸ್ತಿಯಾಗಿಸುವ ಕಾನೂನುಗಳು 18 ಮತ್ತು 19ನೆಯ ಶತಮಾನಗಳಲ್ಲಿ ಸಾಲಾಗಿ ಬಂದಿದ್ದವು. ಬಯಲುಗಳು ಗ್ರೌಸ್ ಹಕ್ಕಿಯ ಬೇಟೆಗೆ ಮೀಸಲಾಗಿದ್ದವು. ವರ್ಷದಲ್ಲಿ ಕೆಲವೇ ದಿನ ನಡೆಯುವ ಬೇಟೆಗಾಗಿ ಕಾವಲುಗಾರರು ದೊಣ್ಣೆ ಹಿಡಿದು ವರ್ಷವಿಡೀ ಕಾಯುತ್ತಿದ್ದರು.

ಕಾಲುದಾರಿಗಳನ್ನು ಮುಚ್ಚುವುದರ ವಿರುದ್ಧ ಮ್ಯಾಂಚೆಸ್ಟರಿನಲ್ಲಿ 1826ರಲ್ಲೇ ಒಂದು ಸಂಘ ಹುಟ್ಟಿತ್ತು. 1879ರಲ್ಲಿ ಲೇಖಕ ಲೆಸ್ಲಿ ಸ್ಟೀಫನ್ ಲಂಡನ್ನಿನಲ್ಲಿ ಕಟ್ಟಿದ ಭಾನುವಾರದ ನಡಿಗೆಯ ಬಳಗ ವಿದ್ಯಾವಂತರದ್ದು. ದುಡಿಯುವವರ ಬಳಗ ಬಂದದ್ದು 1900ರಲ್ಲಿ. ಶೆಫೀಲ್ಡಿನ ಯಂತ್ರ ಕಾರ್ಮಿಕ ಜಿ.ಎಚ್.ಬಿ. ವಾರ್ಡ್ ‘ಕ್ಲಾರಿಯನ್’ ಎಂಬ ಸಮಾಜವಾದಿ ಪತ್ರಿಕೆಯಲ್ಲಿ ಕರೆ ಕೊಟ್ಟ. ಆ ಸೆಪ್ಟೆಂಬರಿನ ಒಂದು ಭಾನುವಾರ ಹದಿನಾಲ್ಕು ಜನ ಕಿಂಡರ್ ಸ್ಕೌಟ್ ಬೆಟ್ಟದ ಸುತ್ತ ನಡೆದರು. ಅವರಲ್ಲಿ ಮೂವರು ಹೆಂಗಸರು. ವಾರ್ಡ್ ಮುಂದೆ ವರ್ಷ ವರ್ಷವೂ ಕಿಸೆಯಲ್ಲಿ ಹಿಡಿಸುವಂಥ ಕೈಪಿಡಿ ಹೊರತಂದ. ಯಾವ ವಾರ ಎಲ್ಲಿಗೆ ನಡಿಗೆ ಎಂಬುದರ ಜೊತೆಗೆ ಹಳ್ಳ, ಗುಡ್ಡ, ಊರುಗಳ ಹೆಸರಿನ ಹಿಂದಿನ ಕತೆ, ಮುಚ್ಚಿಹೋದ ದಾರಿಗಳ ದಾಖಲೆ ಅದರಲ್ಲಿ ಇರುತ್ತಿದ್ದವು. ನಡೆಯುವ ನೆಲವನ್ನು ಓದಿ ತಿಳಿಯುವುದೂ ಚಾರಣದ ಭಾಗವೆಂದು ಆ ಪುಟ್ಟ ಪುಸ್ತಕಗಳು ಕಲಿಸಿದವು. ಈ ಹವ್ಯಾಸಕ್ಕೆ ಇಷ್ಟು ಬೆಲೆಬಾಳುವ ಕಾಣಿಕೆ ಕೊಟ್ಟವರು ಹೆಚ್ಚು ಜನ ಇಲ್ಲ.

1932ರ ಏಪ್ರಿಲ್ 24, ಭಾನುವಾರ. ಸುಮಾರು ನಾನೂರು ಜನ, ಹೆಚ್ಚಿನವರು ಮ್ಯಾಂಚೆಸ್ಟರಿನ ಹುಡುಗ ಹುಡುಗಿಯರು, ಹೇಫೀಲ್ಡ್ ಊರಿನ ಹತ್ತಿರದ ಕಲ್ಲುಗಣಿಯಲ್ಲಿ ಸೇರಿದರು. ಮುಂದಾಳು ಬೆನ್ನಿ ರಾತ್‌ಮನ್, ಇಪ್ಪತ್ತು ವರ್ಷದ ಕಾರ್ಮಿಕ. ಅಲ್ಲಿಗೆ ಸೈಕಲ್ ತುಳಿದುಕೊಂಡು ಬಂದಿದ್ದ. ಗಣಿಯಲ್ಲಿ ಚಿಕ್ಕ ಭಾಷಣವಾದ ಮೇಲೆ ಎಲ್ಲರೂ ಹಳ್ಳದ ದಾರಿ ಹಿಡಿದು, ನಡುವೆ ಬಯಲಿಗೆ ತಿರುಗಿ, ನಿಷೇಧಿಸಿದ್ದ ಕಿಂಡರ್ ಸ್ಕೌಟ್ ಏರಿದರು. ಕಾವಲುಗಾರರ ಜೊತೆ ತಳ್ಳಾಟವಾಯಿತು, ಒಬ್ಬ ಕಾವಲುಗಾರನಿಗೆ ಪೆಟ್ಟಾಯಿತು. ಇಳಿದು ಬಂದಾಗ ಪೊಲೀಸರು ಕಾದಿದ್ದರು. ಐವರಿಗೆ ಎರಡರಿಂದ ಆರು ತಿಂಗಳವರೆಗೆ ಜೈಲಾಯಿತು. ರಾತ್‌ಮನ್‌ಗೆ ನಾಲ್ಕು ತಿಂಗಳು. ನಡಿಗೆ ಸಂಘಗಳ ಒಕ್ಕೂಟದವರು ಈ ಅತಿಕ್ರಮಣವನ್ನು ಮೊದಲು ಒಪ್ಪಿರಲಿಲ್ಲ. ಮಾತುಕತೆಯಿಂದ ದಾರಿ ತೆರೆಸಬಹುದೆಂಬುದು ಅವರ ನಂಬಿಕೆ. ಆದರೆ ಬೆಟ್ಟ ಹತ್ತಿದ್ದಕ್ಕೆ ಇಂಥ ಶಿಕ್ಷೆಯೇ ಎಂಬ ಸಿಟ್ಟು ದೇಶದಲ್ಲೆಲ್ಲ ಹಬ್ಬಿತು. 1949ರಲ್ಲಿ ರಾಷ್ಟ್ರೀಯ ಉದ್ಯಾನ ಮತ್ತು ಗ್ರಾಮಾಂತರ ಪ್ರವೇಶದ ಕಾಯಿದೆ ಬಂತು, 1951ರಲ್ಲಿ ಪೀಕ್ ಡಿಸ್ಟ್ರಿಕ್ಟೇ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. 1965ರಲ್ಲಿ ಅಲ್ಲಿಂದ ಸ್ಕಾಟ್‌ಲೆಂಡಿನ ಗಡಿಯವರೆಗೆ ಸುಮಾರು 430 ಕಿ.ಮೀ. ಉದ್ದದ ಪೆನೈನ್ ದಾರಿ ತೆರೆಯಿತು. ಕೊನೆಗೆ 2000ದ ಕಾಯಿದೆ ಇಂಗ್ಲೆಂಡ್ ಮತ್ತು ವೇಲ್ಸ್‌ನ ಬೆಟ್ಟ, ಬಯಲುಗಳಲ್ಲಿ ನಡೆಯುವುದನ್ನೇ ಹಕ್ಕಾಗಿಸಿತು. ಈ ಎಲ್ಲವೂ ಒಂದೇ ದಿನದ ಫಲ ಎಂದರೆ ಉತ್ಪ್ರೇಕ್ಷೆ. ಆದರೆ ಆ ಭಾನುವಾರವನ್ನು ಬಿಟ್ಟು ಚಾರಣದ ಇತಿಹಾಸ ಬರೆಯಲಾಗದು.

ರಾತ್ರಿ ತಂಗುವ ಸಮಸ್ಯೆಗೆ ಉತ್ತರ ಜರ್ಮನಿಯಿಂದ ಬಂತು. ಶಾಲಾ ಶಿಕ್ಷಕ ರಿಚರ್ಡ್ ಶಿರ್‌ಮನ್ ಮಕ್ಕಳನ್ನು ನಡಿಗೆಗೆ ಕರೆದೊಯ್ಯುತ್ತಿದ್ದ. ಆಲ್ಟೆನಾ ಕೋಟೆಯಲ್ಲಿ 1912ರಲ್ಲಿ ಅವನು ತೆರೆದ ತಂಗುದಾಣವೇ ಜಗತ್ತಿನ ಮೊದಲ ಶಾಶ್ವತ ಯೂತ್ ಹಾಸ್ಟೆಲ್. ಅಮೆರಿಕದಲ್ಲಿ ಬೆಂಟನ್ ಮೆಕೈ 1921ರಲ್ಲಿ ಮುಂದಿಟ್ಟ ಅಪಲೇಚಿಯನ್ ದಾರಿ 1937ರಲ್ಲಿ ಪೂರ್ತಿಯಾಯಿತು. ಅದರ ಉದ್ದ ಸುಮಾರು 3,500 ಕಿ.ಮೀ. 1955ರಲ್ಲಿ ಎಮ್ಮಾ ಗೇಟ್‌ವುಡ್ ಎಂಬ 67 ವರ್ಷದ ಅಜ್ಜಿ ಕ್ಯಾನ್ವಾಸ್ ಶೂ ಹಾಕಿ, ತಾನೇ ಹೊಲಿದ ಚೀಲವನ್ನು ಹೆಗಲಿಗೇರಿಸಿ ಆ ದಾರಿಯನ್ನು ಒಬ್ಬಳೇ ನಡೆದು ಮುಗಿಸಿದಳು. ದುಬಾರಿ ಸಾಮಾನಿಲ್ಲದೆ ಚಾರಣವಿಲ್ಲ ಎನ್ನುವವರಿಗೆ ಅವಳನ್ನು ತೋರಿಸಿದರೆ ಸಾಕು.

ಕರ್ನಾಟಕದಲ್ಲಿ

ಕನ್ನಡ ನಾಡಿನಲ್ಲಿ ಬೆಟ್ಟ ಹತ್ತುವ ಅಭ್ಯಾಸಕ್ಕೆ ಭಕ್ತಿಯೇ ತಳಹದಿ. ಚಿಕ್ಕಮಗಳೂರಿನ ಮಲ್ಲೇನಹಳ್ಳಿ ಬಳಿಯ ದೇವೀರಮ್ಮನ ಬೆಟ್ಟಕ್ಕೆ ದೀಪಾವಳಿಯ ಹೊತ್ತಿನಲ್ಲಿ ಜನಸಾಗರ ಹರಿಯುತ್ತದೆ. ಕತ್ತಲಲ್ಲೇ ಹೊರಟು, ಜಾರುವ ಕಡಿದಾದ ದಾರಿಯಲ್ಲಿ ಎಷ್ಟೋ ಜನ ಬರಿಗಾಲಲ್ಲಿ ಹತ್ತುತ್ತಾರೆ. ಶಿವರಾತ್ರಿಗೆ ಕನಕಪುರದ ಕಡೆಯ ಭಕ್ತರು ಸಂಗಮದ ಬಳಿ ಕಾವೇರಿಗಿಳಿದು ದಾಟಿ ಕಾಡುದಾರಿಯಲ್ಲಿ ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆಯುತ್ತಾರೆ. ಕೊಡಚಾದ್ರಿ, ಶಿವಗಂಗೆ, ಮುಳ್ಳಯ್ಯನಗಿರಿ, ಕುಮಾರ ಪರ್ವತ ಎಲ್ಲವೂ ಚಾರಣಿಗರಿಗಿಂತ ಮೊದಲು ಹರಕೆ ಹೊತ್ತವರ ಬೆಟ್ಟಗಳು. ಇಂದಿನ ಚಾರಣಿಗ ತುಳಿಯುವ ದಾರಿಗಳಲ್ಲಿ ಹೆಚ್ಚಿನವು ಭಕ್ತರು, ದನಗಾಹಿಗಳು, ಕಾಡುತ್ಪತ್ತಿ ಆಯುವವರು ಸವೆಸಿ ಮಾಡಿದಂಥವು. ಅವರ ಹೆಸರು ಯಾವ ನಕ್ಷೆಯಲ್ಲೂ ಇಲ್ಲ.

ಹವ್ಯಾಸದ ರೂಪ ಬಂದದ್ದು ಸ್ವಾತಂತ್ರ್ಯದ ನಂತರ. ಎವರೆಸ್ಟ್ ಆರೋಹಣದ ಬೆನ್ನಿಗೆ 1954ರಲ್ಲಿ ಡಾರ್ಜಿಲಿಂಗ್‌ನಲ್ಲಿ, 1965ರಲ್ಲಿ ಉತ್ತರಕಾಶಿಯಲ್ಲಿ ಪರ್ವತಾರೋಹಣ ಸಂಸ್ಥೆಗಳು ಶುರುವಾದವು. ಇಂಥ ಕಡೆ ತರಬೇತಿ ಪಡೆದ ಕನ್ನಡಿಗರಿಗೆ ರಾಮನಗರ, ಬಾದಾಮಿಯ ಬಂಡೆಗಳು ಮನೆಯ ಹತ್ತಿರದ ಅಭ್ಯಾಸದ ತಾಣಗಳಾದವು. ಯೂತ್ ಹಾಸ್ಟೆಲ್ ಘಟಕಗಳು, ಕಾಲೇಜಿನ ಎನ್‌ಸಿಸಿ ಶಿಬಿರಗಳು ಕಡಿಮೆ ಖರ್ಚಿನಲ್ಲಿ ಹುಡುಗರನ್ನು ಕಾಡಿಗೆ ಕರೆದೊಯ್ದವು. ಮಂಗಳೂರಿನಲ್ಲಿ ಅತ್ರಿ ಬುಕ್ ಸೆಂಟರ್ ನಡೆಸುತ್ತಿದ್ದ ಜಿ.ಎನ್. ಅಶೋಕವರ್ಧನ ಗೆಳೆಯರೊಡನೆ ಪಶ್ಚಿಮ ಘಟ್ಟದ ಶಿಖರಗಳನ್ನು ಸುತ್ತಿ, ಆ ಅನುಭವವನ್ನು ಕನ್ನಡದಲ್ಲಿ ಬರೆದರು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಉದ್ಯಮ ಬೆಳೆದಾಗ ವಾರಕ್ಕೆ ಎರಡು ದಿನದ ರಜೆ ಬಂತು. ಶುಕ್ರವಾರ ರಾತ್ರಿಯ ಬಸ್ಸು ಹತ್ತಿದರೆ ಶನಿವಾರ ಬೆಳಗ್ಗೆ ಕುಕ್ಕೆ, ಕಳಸ ಅಥವಾ ಮಡಿಕೇರಿ. ಮ್ಯಾಂಚೆಸ್ಟರಿನ ಗಿರಣಿಯವರಿಗೆ ರೈಲು ಮಾಡಿಕೊಟ್ಟ ಅನುಕೂಲವನ್ನು ಇಲ್ಲಿ ಸರ್ಕಾರಿ ಬಸ್ಸು ಮಾಡಿಕೊಟ್ಟಿತು.

ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ರೈಲು ಹಳಿಯ ಮೇಲಿನ ನಡಿಗೆ ಈ ಕಾಲದ್ದೇ. 1979ರಲ್ಲಿ ತೆರೆದ ಮೀಟರ್‌ಗೇಜ್ ಮಾರ್ಗವನ್ನು ಬ್ರಾಡ್‌ಗೇಜ್ ಮಾಡಲೆಂದು 1996ರಲ್ಲಿ ನಿಲ್ಲಿಸಿದರು. ಮತ್ತೆ ರೈಲು ಓಡಲು ಹತ್ತು ವರ್ಷ ಹಿಡಿಯಿತು. ಆ ನಡುವೆ ಐವತ್ತಕ್ಕೂ ಹೆಚ್ಚು ಸುರಂಗ, ನೂರಕ್ಕೂ ಹೆಚ್ಚು ಸೇತುವೆಗಳ ಈ ದಾರಿ ನಡೆಯುವವರ ಪಾಲಾಗಿತ್ತು. ಸುರಂಗದ ಕತ್ತಲು, ಬಾವಲಿಯ ವಾಸನೆ, ಹೊರಬಂದ ಕೂಡಲೆ ಕಾಲಡಿಯಲ್ಲಿ ಆಳದ ಕಣಿವೆ, ಕಾಡಿನ ನಡುವೆ ಒಂಟಿಯಾದ ಎಡಕುಮೇರಿ ನಿಲ್ದಾಣ. ರೈಲು ಮರಳಿದ ಮೇಲೂ ಜನ ಬರುತ್ತಲೇ ಇದ್ದರು. ಅನುಮತಿಯಿಲ್ಲದೆ ಹಳಿಯ ಮೇಲೆ ನಡೆಯುವುದು ಅಪರಾಧ, ಮತ್ತು ಆ ಕಿರಿದಾದ ಸೇತುವೆಗಳ ಮೇಲೆ ರೈಲು ಬಂದರೆ ಸರಿಯಲು ಜಾಗವಿಲ್ಲ. ಇದನ್ನು ಚಾರಣದ ದಾರಿಯೆಂದು ಇನ್ನೂ ಹೊಗಳುವುದು ತಪ್ಪು.

ನಾಡಿನ ಚಾರಣಿಗರಿಗೆ ಅಚ್ಚುಮೆಚ್ಚಿನದು ಕುಮಾರ ಪರ್ವತ (1,712 ಮೀ.). ಕುಕ್ಕೆಯ ಕಡೆಯಿಂದ ಹೊರಟರೆ ಮೊದಲು ದಟ್ಟ ಕಾಡಿನ ಏರು, ಬೇರುಗಳೇ ಮೆಟ್ಟಿಲು. ತೇವವಿದ್ದರೆ ಇಂಬಳಗಳು ಕಾಲಿಗೆ ಹತ್ತುತ್ತವೆ. ಉಪ್ಪನ್ನೋ ಹೊಗೆಸೊಪ್ಪಿನ ನೀರನ್ನೋ ಸವರಿಕೊಳ್ಳುವುದು ಹಳೆಯ ಉಪಾಯ. ದಾರಿಯಲ್ಲಿ ಸಿಗುವ ಗಿರಿಗದ್ದೆಯ ಭಟ್ಟರ ಮನೆಯಲ್ಲಿ ಚಾರಣಿಗರಿಗೆ ಅನ್ನ, ಸಾಂಬಾರು, ಮಜ್ಜಿಗೆ. ಅಲ್ಲಿಂದ ಮುಂದೆ ಅರಣ್ಯ ಇಲಾಖೆಯ ತನಿಖಾ ಠಾಣೆ, ನೆರಳಿಲ್ಲದ ಹುಲ್ಲಿನ ಬೋಳುಗುಡ್ಡ, ಕಲ್ಲುಮಂಟಪ, ಶೇಷಪರ್ವತ. ಶೇಷಪರ್ವತದಿಂದ ಶೋಲಾ ಕಾಡಿಗಿಳಿದು, ಬಂಡೆಯ ಹಾಸು ಏರಿದರೆ ತುದಿ. ಈ ಶಿಖರ 1987ರಲ್ಲಿ ಘೋಷಿಸಿದ ಪುಷ್ಪಗಿರಿ ವನ್ಯಧಾಮದ ಭಾಗ.

2024ರ ಜನವರಿಯಲ್ಲಿ, ಗಣರಾಜ್ಯೋತ್ಸವದ ಸಾಲು ರಜೆಗೆ, ಇದೇ ದಾರಿಗೆ ಸಾವಿರಾರು ಜನ ಒಟ್ಟಿಗೆ ಬಂದರು. ಕಾಡಿನೊಳಗೆ ಸರತಿ ನಿಂತವರ ಚಿತ್ರಗಳು ಎಲ್ಲೆಡೆ ಹರಿದಾಡಿದವು. ಆನ್‌ಲೈನ್ ನೋಂದಣಿಯ ವ್ಯವಸ್ಥೆಯಿಲ್ಲದ ಚಾರಣಗಳನ್ನು ಸರ್ಕಾರ ತಾತ್ಕಾಲಿಕವಾಗಿ ನಿಲ್ಲಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ನೋಂದಣಿಗೆಂದು ‘ಅರಣ್ಯ ವಿಹಾರ’ ಜಾಲತಾಣ ಬಂತು. ಒಂದು ದಾರಿಗೆ ದಿನಕ್ಕೆ ಹೆಚ್ಚೆಂದರೆ 300 ಜನ ಎಂದು ಮಿತಿ ಹಾಕಲಾಯಿತು. ನಡೆಯುವುದನ್ನು ಹಕ್ಕಾಗಿ ಪಡೆದ ಇಂಗ್ಲೆಂಡಿಗೆ ಹೋಲಿಸಿದರೆ ಇಲ್ಲಿ ನಡಿಗೆ ನಿಂತಿರುವುದು ಅನುಮತಿಯ ಮೇಲೆ. ಆದರೆ ಎರಡನ್ನೂ ಒಂದೇ ಅಳತೆಯಲ್ಲಿ ನೋಡಬಾರದು. ಅಲ್ಲಿ ಬೇಲಿ ಹಾಕಿದ್ದು ಧಣಿಗಳ ಬೇಟೆಗೆ; ಇಲ್ಲಿನ ಬೇಲಿಯ ಹಿಂದೆ ಆನೆ, ಕಾಟಿ, ಸಿಂಗಳೀಕಗಳ ಮನೆಯಿದೆ, ಒಮ್ಮೆ ತುಳಿದು ಹಾಳಾದರೆ ಬೇಗ ಚೇತರಿಸಿಕೊಳ್ಳದ ಶೋಲಾ ಇದೆ. ಬರುವವರ ಸಂಖ್ಯೆಗೆ ಮಿತಿ ಬೇಕೇ ಬೇಕು. ಆದರೆ ಮಿತಿಯ ಜೊತೆಗೆ ಹೊಸ ದಾರಿಗಳನ್ನೂ ತೆರೆದರೆ ಮಾತ್ರ ಕುಮಾರ ಪರ್ವತ, ಕುದುರೆಮುಖಗಳ ಮೇಲಿನ ಭಾರ ಇಳಿದೀತು.

ಘಟ್ಟದ ದಾರಿಗಳನ್ನು ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯಕ್ಕೆ, ಜೋರು ಮಳೆಯಲ್ಲಿ ಅಪಾಯದ ಕಾರಣಕ್ಕೆ ಮುಚ್ಚುವುದುಂಟು. ಹೀಗಾಗಿ ಮಳೆ ಹಿಂದೆ ಸರಿದು ಹುಲ್ಲು ಇನ್ನೂ ಹಸಿರಾಗಿರುವ ಅಕ್ಟೋಬರಿನಿಂದ ಜನವರಿಯವರೆಗಿನ ತಿಂಗಳುಗಳೇ ಇಲ್ಲಿ ಚಾರಣದ ಮುಖ್ಯ ಕಾಲ. ಉಳಿದ ದಿನಗಳಲ್ಲಿ ರೂಢಿ ಬಿಡದವರು ಸಾವನದುರ್ಗ, ಶಿವಗಂಗೆಯಂಥ ಬಯಲುಸೀಮೆಯ ಕಲ್ಲುಬೆಟ್ಟಗಳಿಗೆ ಬೆಳಗಿನ ಜಾವ ಹೊರಟು, ಬಿಸಿಲೇರುವ ಮೊದಲೇ ಇಳಿದು ಬರುತ್ತಾರೆ.