ಮಗ್ಗದ ಮುಂದಿನ ಭಕ್ತಿ: ಮಂಗಳೂರಿನ ಬಾಸೆಲ್ ಮಿಷನ್ ಸಭೆಗಳಲ್ಲಿ ಶೀಲ ಮತ್ತು ದುಡಿಮೆ

ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಮಂಗಳೂರಿನ ಸುತ್ತಮುತ್ತ ಬಾಸೆಲ್ ಮಿಷನ್ನಿನ ಬೋಧಕರಿಂದ ದೀಕ್ಷಾಸ್ನಾನ ಪಡೆದವರ ಪಾಲಿಗೆ, ಕ್ರೈಸ್ತರಾಗಿ ಬದುಕುವುದೆಂದರೆ ಏನು ಎಂಬ ಪ್ರಶ್ನೆ ಧರ್ಮಶಾಸ್ತ್ರದ ಪ್ರಶ್ನೆಯಾಗುವ ಮೊದಲೇ ಹೊಟ್ಟೆಪಾಡಿನ ಪ್ರಶ್ನೆಯಾಗಿ ಎದುರಾಯಿತು. ನೀರಿನಿಂದ ದೀಕ್ಷೆ ಕೊಟ್ಟು ಸಭೆಗೆ, ಅಂದರೆ ಆಯಾ ಊರಿನ ಕ್ರೈಸ್ತರ ಸಮುದಾಯಕ್ಕೆ, ಸೇರಿಸಿಕೊಳ್ಳುವ ವಿಧಿ ಒಂದು ಆರಾಧನೆಯ ಹೊತ್ತಿನಲ್ಲಿ ಮುಗಿಯುತ್ತಿತ್ತು. ಮರುದಿನ ಬೆಳಿಗ್ಗೆ ಆ ಮನುಷ್ಯ ಯಾವ ಕೆಲಸಕ್ಕೆ ಹೋಗಬೇಕು, ಯಾರ ಮನೆಯ ಬಾಗಿಲಲ್ಲಿ ನಿಲ್ಲಬೇಕು, ಹೆಂಡತಿ ಮಕ್ಕಳಿಗೆ ಏನು ಉಣಿಸಬೇಕು ಎಂಬುದಕ್ಕೆ ಮಾತ್ರ ಆ ವಿಧಿಯಲ್ಲಿ ಉತ್ತರವಿರಲಿಲ್ಲ. ಆ ಉತ್ತರವನ್ನು ಹುಡುಕುತ್ತ ಹೋದ ಎಂಬತ್ತು ವರ್ಷಗಳಲ್ಲಿ ಕರಾವಳಿಗೆ ಮಗ್ಗ, ಮುದ್ರಣಾಲಯ ಹಾಗೂ ಹಂಚಿನ ಕಾರ್ಖಾನೆಗಳು ಬಂದವು; ಅವುಗಳ ಜೊತೆಯಲ್ಲಿಯೇ ಪ್ರಾಮಾಣಿಕತೆ, ಸಹನೆ, ಮಿತವ್ಯಯ ಮುಂತಾದ ಗುಣಗಳನ್ನು ವಾರದ ಆರು ದಿನಗಳ ದುಡಿಮೆಯಲ್ಲಿ ಕಾಣಬೇಕೆಂಬ ಒಂದು ನಿರ್ದಿಷ್ಟ ಕಲ್ಪನೆಯೂ ಬಂದಿತು.

ಬಾಸೆಲ್ ಮಿಷನ್ 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಹುಟ್ಟಿದರೂ ಅದರ ಬೋಧಕರಲ್ಲಿ ಬಹಳ ಜನ ನೆರೆಯ ಜರ್ಮನ್ ಸೀಮೆಯಾದ ವ್ಯೂರ್ಟೆಂಬರ್ಗಿನ ಹಳ್ಳಿಗಳಿಂದ, ಸಣ್ಣ ಪಟ್ಟಣಗಳಿಂದ ಬಂದವರು. ಆ ಸೀಮೆಯಲ್ಲಿ ಪಯಟಿಸಂ ಎಂಬ ಭಕ್ತಿಪಂಥ ಆಳವಾಗಿ ಬೇರೂರಿತ್ತು. ಫಿಲಿಪ್ ಯಾಕೋಬ್ ಸ್ಪೇನರ್ ಎಂಬ ಲುಥೆರನ್ ಪಾದ್ರಿ 1675ರಲ್ಲಿ ಪ್ರಕಟಿಸಿದ ಒಂದು ಚಿಕ್ಕ ಗ್ರಂಥದಿಂದ ಬಲ ಪಡೆದ ಈ ಪಂಥ, ಸಿದ್ಧಾಂತವನ್ನು ತಪ್ಪಿಲ್ಲದೆ ಒಪ್ಪಿಕೊಳ್ಳುವುದಷ್ಟೇ ಸಾಲದು, ಹೃದಯ ಬದಲಾಗಿರಬೇಕು ಮತ್ತು ಆ ಬದಲಾವಣೆ ನಡತೆಯಲ್ಲಿ ಕಾಣಬೇಕು ಎಂದು ಒತ್ತಿ ಹೇಳಿತು. ಇದರ ಹಿಂದೆ ಇನ್ನೂ ಹಳೆಯದಾದ ಲೂಥರನ ವಿಚಾರವೊಂದಿತ್ತು: ಜರ್ಮನ್ ಭಾಷೆಯಲ್ಲಿ ಕಸುಬಿಗೂ ದೇವರ ಕರೆಗೂ ಒಂದೇ ಪದವಾದ ‘ಬೆರೂಫ್’ ಎಂಬುದು, ಚಮ್ಮಾರನ ಕೆಲಸವೂ ಗುರುವಿನ ಕೆಲಸದಷ್ಟೇ ದೇವರಿಗೆ ಸಲ್ಲುತ್ತದೆ ಎಂಬ ಅರ್ಥವನ್ನು ಹೊತ್ತಿತ್ತು. ಕನ್ನಡ ಓದುಗರಿಗೆ ಇಲ್ಲಿ ಹನ್ನೆರಡನೆಯ ಶತಮಾನದ ಶರಣರ ಕಾಯಕತತ್ತ್ವ ನೆನಪಾಗುವುದು ಸಹಜ, ಮತ್ತು ಆ ಹೋಲಿಕೆಯಲ್ಲಿ ಹುರುಳಿದೆ; ಆದರೆ ಮಂಗಳೂರಿನ ಹೊಸ ಕ್ರೈಸ್ತರ ಸ್ಥಿತಿಯಲ್ಲಿ ಒಂದು ಮುಖ್ಯ ವ್ಯತ್ಯಾಸವಿತ್ತು. ಶರಣರಲ್ಲಿ ಅನೇಕರು ತಮ್ಮ ಕೈಯಲ್ಲಿದ್ದ ಕಸುಬನ್ನೇ ಪೂಜೆಯ ಮಟ್ಟಕ್ಕೆ ಏರಿಸಿದರೆ, ಇವರ ಕೈಯಲ್ಲಿದ್ದ ಕಸುಬೇ ಜಾರಿಹೋಗಿತ್ತು.

ಈಸ್ಟ್ ಇಂಡಿಯಾ ಕಂಪನಿಯ ಸನ್ನದು 1833ರಲ್ಲಿ ನವೀಕರಣಗೊಂಡಾಗ ಬ್ರಿಟಿಷರಲ್ಲದ ಮಿಷನರಿಗಳಿಗೂ ದಾರಿ ತೆರೆಯಿತು. ಮರುವರ್ಷ, 1834ರ ಅಕ್ಟೋಬರಿನಲ್ಲಿ, ಸ್ಯಾಮುವೆಲ್ ಹೆಬಿಕ್, ಯೋಹಾನ್ ಕ್ರಿಸ್ಟೋಫ್ ಲೇನರ್ ಮತ್ತು ಕ್ರಿಶ್ಚಿಯನ್ ಗ್ರೈನರ್ ಮಂಗಳೂರಿಗೆ ಬಂದರು. ಮುಂದಿನ ದಶಕಗಳಲ್ಲಿ ಅವರ ಸಭೆಗೆ ಸೇರಿದ ತುಳುವರಲ್ಲಿ ಬಿಲ್ಲವರ ಸಂಖ್ಯೆ ದೊಡ್ಡದು. ತೆಂಗು, ತಾಳೆ ಮರಗಳಿಂದ ಕಳ್ಳು ಇಳಿಸುವ ಮೂರ್ತೆಯ ಕೆಲಸ ಈ ಸಮುದಾಯದ ಹಲವರ ಜೀವನಾಧಾರವಾಗಿತ್ತು. ಮದ್ಯವನ್ನು ಮನೆ ಮುರಿಯುವ ಪಾಪವೆಂದು ಕಾಣುತ್ತಿದ್ದ ಮಿಷನ್ ಅದನ್ನು ಒಪ್ಪುವಂತಿರಲಿಲ್ಲ. ಇನ್ನು ಗೇಣಿಗೆ ಭೂಮಿ ಮಾಡುತ್ತಿದ್ದವರಿಗೆ ಧಣಿಯ ಮನೆಯ ಭೂತಾರಾಧನೆಯಲ್ಲಿ ಸಲ್ಲಿಸಬೇಕಾದ ಸೇವೆಗಳಿದ್ದವು, ಅವನ್ನು ಬಿಟ್ಟವನಿಗೆ ಒಕ್ಕಲುತನ ಉಳಿಯುವ ಭರವಸೆಯಿರಲಿಲ್ಲ. ಮತಾಂತರದ ಕಾರಣಕ್ಕೆ ಯಾರೂ ಪಿತ್ರಾರ್ಜಿತ ಹಕ್ಕನ್ನು ಕಳೆದುಕೊಳ್ಳಬಾರದೆಂದು 1850ರ ಕಾಯಿದೆಯೊಂದು ಸಾರಿತಾದರೂ, ಆಸ್ತಿ ತಾಯಿಯ ಕಡೆಯಿಂದ ಸೋದರಳಿಯನಿಗೆ ಸಾಗುವ ಅಳಿಯಸಂತಾನ ಪದ್ಧತಿಯಲ್ಲಿ ಕುಟುಂಬದಿಂದ ದೂರಾದ ಒಬ್ಬನಿಗೆ ಆ ಹಕ್ಕು ಕಾಗದದ ಮೇಲಿನ ಮಾತಾಗಿ ಉಳಿಯುವ ಸಾಧ್ಯತೆಯೇ ಹೆಚ್ಚಾಗಿತ್ತು.

ಈ ಅಳಿಯಸಂತಾನದ ವಿಷಯ ಇನ್ನೊಂದು ಕಾರಣಕ್ಕೂ ಗಮನಾರ್ಹ. ತಾಯಿಮನೆಯ ಕೂಡುಕುಟುಂಬದಲ್ಲಿ ಗಂಡಸಿನ ಮುಖ್ಯ ಹೊಣೆ ಅಕ್ಕತಂಗಿಯರ ಮಕ್ಕಳ ಕಡೆಗಿತ್ತು. ಮಿಷನ್ ಬೋಧಿಸಿದ ಆದರ್ಶದಲ್ಲಾದರೋ ಅವನು ತನ್ನ ಹೆಂಡತಿ ಮತ್ತು ತನ್ನ ಮಕ್ಕಳೊಂದಿಗೆ ಒಂದೇ ಸೂರಿನಡಿ ಬಾಳಿ, ದಿನವೂ ಅವರನ್ನು ಕೂಡಿಸಿಕೊಂಡು ಪ್ರಾರ್ಥನೆ ನಡೆಸಿ, ತನ್ನ ಸಂಪಾದನೆಯಿಂದಲೇ ಅವರನ್ನು ಸಾಕಬೇಕಿತ್ತು. ಹೀಗಾಗಿ ‘ಒಳ್ಳೆಯ ತಂದೆ’ ಎಂಬುದು ಈ ಸಭೆಗಳಲ್ಲಿ ಹೊಸದಾಗಿ ಕಲಿಯಬೇಕಾದ ಗುಣವಾಯಿತು, ಮತ್ತು ಅದನ್ನು ಕಲಿಯಲು ದಿನಗೂಲಿಯ ಅಥವಾ ಸಂಬಳದ ಕೆಲಸವೊಂದು ಅನಿವಾರ್ಯವಾಯಿತು. ಶೀಲಕ್ಕೂ ಕಸುಬಿಗೂ ಇಲ್ಲಿ ಬಿದ್ದ ಗಂಟನ್ನು ಮಿಷನ್ನಿನ ವ್ಯಾಪಾರಬುದ್ಧಿಯಿಂದ ಮಾತ್ರ ವಿವರಿಸಲು ಹೊರಟರೆ ವಿಷಯದ ಅರ್ಧಭಾಗವೇ ಕೈತಪ್ಪುತ್ತದೆ.

ಇಂಥ ಕೆಲಸ ಒದಗಿಸುವ ಮೊದಲ ಪ್ರಯತ್ನಗಳು ಫಲಿಸಲಿಲ್ಲ; ಬೇಸಾಯದ ನೆಲೆಗಳು, ಗಡಿಯಾರ ರಿಪೇರಿಯಂಥ ಸಣ್ಣ ಕಸುಬುಗಳು ಒಂದಾದ ಮೇಲೊಂದು ಸೊರಗಿದವು. ಮಿಷನ್ನಿನ ಮುಖ್ಯಾಧಿಕಾರಿ ಯೋಸೆಫ್ ಯೋಸೆನ್‌ಹಾನ್ಸ್ 1851–52ರಲ್ಲಿ ಭಾರತಕ್ಕೆ ಬಂದು ನೋಡಿಹೋದ ಮೇಲೆ, ಬಾಸೆಲ್ಲಿನ ರೇಷ್ಮೆಪಟ್ಟಿ ಉದ್ಯಮಿ ಕಾರ್ಲ್ ಸರಾಸಿನ್ ಅವರ ಮುಂದಾಳುತನದಲ್ಲಿ ಕೈಗಾರಿಕೆಗಳಿಗಾಗಿಯೇ ಒಂದು ಸಮಿತಿ ರೂಪುಗೊಂಡಿತು. ನೇಯ್ಗೆಯಲ್ಲಿ ಪಳಗಿದ ಹಾಲರ್ ಅವರು ಹೊಸ ಬಗೆಯ ಮಗ್ಗಗಳನ್ನು ಹೂಡಿದರು; ಮಿಷನ್ನಿನ ಖಾಕಿ ಬಟ್ಟೆಗೆ ಬಣ್ಣ ಹದಗೊಳಿಸಿದ ಹೆಗ್ಗಳಿಕೆಯೂ ಅವರಿಗೇ ಸಲ್ಲುತ್ತದೆ. 1859ರಲ್ಲಿ ವ್ಯಾಪಾರಕ್ಕೆ ಪ್ರತ್ಯೇಕ ಕಂಪನಿ ಹುಟ್ಟಿತು: ಪಾಲುದಾರರಿಗೆ ಮಿತವಾದ ಲಾಭಾಂಶ ಕೊಟ್ಟು ಮಿಕ್ಕಿದ್ದನ್ನು ಮಿಷನ್ನಿನ ಕೆಲಸಕ್ಕೆ ಬಿಡುವುದು ಅದರ ಏರ್ಪಾಡು. ಶಾಂತಿಯ ಸುವಾರ್ತೆ ಸಾರುವವರ ಮಗ್ಗಗಳಲ್ಲಿ ನೆಯ್ದ ಖಾಕಿ ಪೊಲೀಸರ, ಸಿಪಾಯಿಗಳ ಮೈಮೇಲೇರಿದ್ದು ಈ ಚರಿತ್ರೆಯ ಒಂದು ನೋವಿನ ಎಳೆ, ಅದನ್ನು ಮರೆಸಿ ಹೇಳುವುದು ನ್ಯಾಯವಲ್ಲ.

ಹಂಚಿನ ಕಥೆ ಹೆಚ್ಚು ಪರಿಚಿತ. ಫ್ರಾನ್ಸಿನ ಅಲ್ಸಾಸ್ ಪ್ರಾಂತದ ಗಿಲಾರ್ಡೋನಿ ಸಹೋದರರು 1841ರಲ್ಲಿ ಹಕ್ಕುಪತ್ರ ಪಡೆದಿದ್ದ, ಅಂಚಿಗೆ ಅಂಚು ಕಚ್ಚಿಕೊಂಡು ಕೂರುವ ಹಂಚಿನ ಮಾದರಿಯನ್ನು ಆಧರಿಸಿ ಗಿಯೋರ್ಗ್ ಪ್ಲೆಬ್‌ಸ್ಟ್ ಅವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದರು. ನೇತ್ರಾವತಿ, ಗುರುಪುರ ಹೊಳೆಗಳ ದಂಡೆಯ ಜೇಡಿಮಣ್ಣು, ಘಟ್ಟದ ಸೌದೆ, ದೋಣಿಯ ಸಾಗಾಟ ಎಲ್ಲವೂ ಅನುಕೂಲವಾಗಿ ಒದಗಿದವು. ಹುಲ್ಲಿನ ಮಾಡಿಗೆ ಬೆಂಕಿಯ ಭಯ, ಪ್ರತಿ ಮಳೆಗಾಲಕ್ಕೂ ಹೊಸದಾಗಿ ಹೊದೆಸುವ ಖರ್ಚು ಇದ್ದ ಕಾಲದಲ್ಲಿ ಹಗುರವಾದ ಕೆಂಪು ಹಂಚು ಬೇಗ ಹಬ್ಬಿತು. ಮಲ್ಪೆ, ಕಲ್ಲಿಕೋಟೆ, ಪಾಲಕ್ಕಾಡುಗಳಲ್ಲಿಯೂ ಮಿಷನ್ನಿನ ಕಾರ್ಖಾನೆಗಳು ಎದ್ದವು.

ಈ ಕೆಲಸಮನೆಗಳ ದಿನಚರಿಯಲ್ಲಿ ಬೋಧಕರು ಸದ್ಗುಣವೆಂದು ಕರೆದದ್ದರ ನಿಜರೂಪ ತಿಳಿಯುತ್ತದೆ. ಕೆಲಸ ಪ್ರಾರ್ಥನೆಯೊಂದಿಗೆ ಆರಂಭವಾಗುತ್ತಿತ್ತು, ಹೊತ್ತನ್ನು ಗಂಟೆ ಸಾರುತ್ತಿತ್ತು, ಭಾನುವಾರ ಯಂತ್ರ ನಿಲ್ಲುತ್ತಿತ್ತು. ಮಳೆ, ನಾಟಿ, ಕೊಯ್ಲು, ಕೋಲ, ನೇಮಗಳ ಲಯಕ್ಕೆ ಒಗ್ಗಿದ್ದ ಜನರಿಗೆ ಗಂಟೆಯ ಹೊತ್ತಿಗೆ ಸರಿಯಾಗಿ ಬರುವುದು ಸುಲಭದ ಮಾತಾಗಿರಲಿಲ್ಲ. ಬೋಧಕರು ಅದನ್ನು ಕಾರ್ಖಾನೆಯ ನಿಯಮವೆಂದಷ್ಟೇ ಬಗೆಯದೆ ಮಾತಿಗೆ ತಪ್ಪದಿರುವ ಗುಣದ ಅಭ್ಯಾಸವೆಂದು ಬಗೆದರು. ಅಳತೆಯಲ್ಲಿ ಮೋಸವಿಲ್ಲದ ಬಟ್ಟೆ, ಸರಿಯಾಗಿ ಬೆಂದ ಹಂಚು, ಸಾಲವಿಲ್ಲದ ಮನೆವಾರ್ತೆ, ಕುಡಿತವಿಲ್ಲದ ಸಂಜೆ ಇವೇ ಒಬ್ಬನ ನಂಬಿಕೆಗೆ ಸಾಕ್ಷಿಯಾಗಿ ನಿಂತವು. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಪೌಲನು ಎಣಿಸಿದ ಗುಣಗಳನ್ನು ಕ್ರೈಸ್ತರು ಆತ್ಮದ ಫಲವೆಂದು ಕರೆಯುತ್ತಾರೆ; ಅವುಗಳಲ್ಲಿ ಒಂದಕ್ಕೆ ಕನ್ನಡ ಬೈಬಲಿನಲ್ಲಿ ‘ದೀರ್ಘಶಾಂತಿ’ ಎಂಬ ಮಾತಿದೆ, ಇನ್ನೊಂದಕ್ಕೆ ‘ಶಮೆದಮೆ’ ಎಂಬ ಮಾತಿದೆ. ಮೊದಲನೆಯದು ಕೆಡುಕನ್ನು ಬಹುಕಾಲ ತಾಳಿಕೊಳ್ಳುವ ಸಹನೆಗೆ ಸಲ್ಲುತ್ತದೆ; ಎರಡನೆಯದು ಮನಸ್ಸನ್ನೂ ಇಂದ್ರಿಯಗಳನ್ನೂ ಅಂಕೆಯಲ್ಲಿಡುವುದಕ್ಕೆ, ವೇದಾಂತಿಗಳು ಸಾಧಕನಿಗೆ ವಿಧಿಸಿದ ಶಮ, ದಮಗಳಿಂದಲೇ ಬಂದ ಪದ. ಸಾಧಕರ ಏಕಾಂತಕ್ಕೆ ಸೇರಿದ್ದ ಈ ಮಾತು ಆವೆಯ ಬಿಸಿಯಲ್ಲಿ ಹಸಿ ಹಂಚು ಜೋಡಿಸುವವರಿಗೂ ಮಗ್ಗದ ಮುಂದೆ ಕೂತವರಿಗೂ ದಿನನಿತ್ಯದ ಮಾತಾಗಿ ಬಂದದ್ದು ಕನ್ನಡದ ಮಟ್ಟಿಗೆ ಸಣ್ಣ ಘಟನೆಯಲ್ಲ.

ಹಾಗಿದ್ದರೂ ಈ ವ್ಯವಸ್ಥೆಯ ನಡುವೆಯೇ ಒಂದು ತೊಡಕು ಅಡಗಿತ್ತು. ಸಭೆಯ ಶಿಸ್ತು, ಅಂದರೆ ತಪ್ಪಿದವರನ್ನು ಎಚ್ಚರಿಸುವ, ಅಗತ್ಯವಾದರೆ ರೊಟ್ಟಿ, ದ್ರಾಕ್ಷಾರಸಗಳನ್ನು ಹಂಚಿಕೊಳ್ಳುವ ಕರ್ತನ ಭೋಜನದ ಪಂಕ್ತಿಯಿಂದ ಕೆಲಕಾಲ ದೂರವಿಡುವ ಕ್ರಮ, ಎಲ್ಲ ಕಾಲದ ಸಭೆಗಳಲ್ಲಿಯೂ ಇದ್ದದ್ದೇ. ಆದರೆ ಕೂಲಿ ಕೊಡುವ, ವಾಸಕ್ಕೆ ಜಾಗ ಕೊಡುವ, ಮಕ್ಕಳಿಗೆ ಶಾಲೆ ನಡೆಸುವ ಸಂಸ್ಥೆಯೇ ನಡತೆಯನ್ನೂ ತೂಗಿ ನೋಡಿದಾಗ, ಒಬ್ಬನು ಕುಡಿತ ಬಿಟ್ಟದ್ದು ಮನಸ್ಸು ತಿರುಗಿದ್ದರಿಂದಲೋ ಕೆಲಸ ಕಳೆದುಕೊಳ್ಳುವ ಅಂಜಿಕೆಯಿಂದಲೋ ಎಂಬುದನ್ನು ಹೊರಗಿನವರಂತಿರಲಿ, ಅವನೇ ಬಿಡಿಸಿ ಹೇಳುವುದು ಕಷ್ಟವಾಗಿದ್ದೀತು. ಹೃದಯದ ಬದಲಾವಣೆಯನ್ನೇ ಮುಖ್ಯವೆಂದ ಪಂಥವೊಂದು ಹೊರನಡತೆಯನ್ನು ಇಷ್ಟು ಹತ್ತಿರದಿಂದ ಕಾಯುವ ಸ್ಥಿತಿಗೆ ಬಂದದ್ದು ಅದರ ಉದ್ದೇಶಕ್ಕೇ ಎದುರಾಗಿತ್ತು. ಕಾರ್ಖಾನೆ ನಡೆಸುವುದು ಮಿಷನ್ನಿಗೆ ತಕ್ಕ ಕೆಲಸವೇ ಎಂಬ ಚರ್ಚೆ ಮಿಷನ್ನಿನ ಒಳಗೂ ಎದ್ದಿತ್ತು.

ಸಮಯಪಾಲನೆ, ಮಿತವ್ಯಯಗಳಿಗಿಂತ ದೊಡ್ಡದಾದ ಗುಣವೊಂದು ಈ ಸಭೆಗಳಲ್ಲಿ ಹೆಚ್ಚು ಸದ್ದಿಲ್ಲದೆ ಬೆಳೆಯಿತು. ಬೇರೆ ಬೇರೆ ಜಾತಿಗಳಿಂದ ಬಂದವರು ಒಂದೇ ಮಾಡಿನಡಿ ಕೆಲಸ ಮಾಡಿ, ಒಂದೇ ಪಾತ್ರೆಯಿಂದ ಕರ್ತನ ಭೋಜನದ ದ್ರಾಕ್ಷಾರಸ ಕುಡಿಯಬೇಕಾಗಿತ್ತು. ಮುಟ್ಟುವ, ಮುಟ್ಟದಿರುವ ಎಣಿಕೆಯಲ್ಲೇ ಬಾಳು ಸಾಗುತ್ತಿದ್ದ ನಾಡಿನಲ್ಲಿ ಇದು ಪ್ರತಿ ಬಾರಿಯೂ ಮನಸ್ಸನ್ನು ಗೆದ್ದು ಮಾಡಬೇಕಾದ ಕೆಲಸ. ಸಾರಸ್ವತ ಬ್ರಾಹ್ಮಣರಾಗಿದ್ದ ಆನಂದರಾವ್ ಕೌಂಡಿನ್ಯರು 1844ರ ಜನವರಿಯಲ್ಲಿ ಮಂಗಳೂರಿನಲ್ಲಿ ದೀಕ್ಷಾಸ್ನಾನ ಪಡೆದು ಹೆರ್ಮನ್ ಆನಂದರಾವ್ ಆದಾಗ ಊರಿನಲ್ಲಿ ದೊಡ್ಡ ಕೋಲಾಹಲವೆದ್ದಿತು. ಬಾಸೆಲ್ಲಿನಲ್ಲಿ ಓದಿ 1851ರಲ್ಲಿ ಗುರುದೀಕ್ಷೆ ಪಡೆದು ಬಂದ ಅವರು ಬಿಲ್ಲವ ಕ್ರೈಸ್ತರಿದ್ದ ಸಭೆಗಳಲ್ಲಿ ಸೇವೆ ಮಾಡಿದರು. ಮಿಷನ್ನಿನ ಬೋಧಕ ಹೆರ್ಮನ್ ಮೊಗ್ಲಿಂಗ್ ಅವರು ಕೊಡಗಿನಲ್ಲಿ ದಲಿತ ಮೂಲದ ಕ್ರೈಸ್ತರಿಗಾಗಿ ನೆಲೆಗೊಳಿಸಿದ ಊರಿಗೆ ಆನಂದರಾವ್ ಅವರ ಹೆಸರಿನಿಂದಲೇ ಆನಂದಪುರವೆಂಬ ಹೆಸರು ಬಂದಿತು. ವಿನಯ ಎಂಬ ಕ್ರೈಸ್ತ ಗುಣಕ್ಕೆ ಕರಾವಳಿಯ ಚರಿತ್ರೆಯಲ್ಲಿ ಉದಾಹರಣೆ ಬೇಕಾದರೆ ಕಾರ್ಖಾನೆಯ ಗಂಟೆಗಿಂತ ಈ ನಡೆಯೇ ಮೊದಲು ನೆನಪಾಗಬೇಕು.

ಸಹನೆಯ ಉದಾಹರಣೆಯಂತೂ ಬೋಧಕರ ಕಡೆಯಿಂದಲೇ ಸಿಗುತ್ತದೆ. 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಮೊಗ್ಲಿಂಗ್ ಹೊರಡಿಸಿದರು, ಅವರ ಬಳಿಕ 1853ರಲ್ಲಿ ಬಂದ ಫರ್ಡಿನಾಂಡ್ ಕಿಟ್ಟೆಲ್ ಅವರು ಕನ್ನಡ ಛಂದಸ್ಸು, ವ್ಯಾಕರಣಗಳಲ್ಲಿ ಮುಳುಗಿ, ಭಾಷೆಯ ಕೆಲಸಕ್ಕೆ ಇಷ್ಟು ಹೊತ್ತು ಕೊಡುವುದು ಸರಿಯೇ ಎಂಬ ಮಿಷನ್ನಿನ ಅಸಮಾಧಾನವನ್ನು ತಾಳಿಕೊಂಡು, ಸುಮಾರು 70,000 ಪದಗಳ ಕನ್ನಡ–ಇಂಗ್ಲಿಷ್ ನಿಘಂಟನ್ನು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರತಂದರು. ಪರರ ಮಾತನ್ನು ದಶಕಗಳ ಕಾಲ ಕಿವಿಗೊಟ್ಟು ಕೇಳುವುದು ಕೂಡ ನೆರೆಯವರ ಪ್ರೀತಿಯ ಒಂದು ಬಗೆ. ಪಂಡಿತರ, ಪ್ರತಿಕಾರರ, ಅಚ್ಚುಮೊಳೆ ಜೋಡಿಸುವವರ ದುಡಿಮೆಯೂ ಆ ಪುಟಗಳಲ್ಲಿ ಬೆರೆತಿದೆ.

1914ರಲ್ಲಿ ಮಹಾಯುದ್ಧ ಶುರುವಾದಾಗ ಜರ್ಮನ್ ಬೋಧಕರು ಶತ್ರುದೇಶದ ಪ್ರಜೆಗಳೆನಿಸಿದರು. ಹಲವರನ್ನು ಬಂಧನದಲ್ಲಿಟ್ಟು ಬಳಿಕ ತಾಯ್ನಾಡಿಗೆ ಕಳಿಸಲಾಯಿತು. ಕಾರ್ಖಾನೆಗಳನ್ನು ಸರಕಾರ ವಶಕ್ಕೆ ತೆಗೆದುಕೊಂಡಿತು, 1919ರಲ್ಲಿ ಹುಟ್ಟಿದ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪನಿಯ ಕೈಗೆ ಅವು ಹೋದವು. ಹಂಚಿನ ವ್ಯಾಪಾರ ಅಷ್ಟರಲ್ಲಾಗಲೇ ಕೊಂಕಣಿ ಕ್ಯಾಥೊಲಿಕರ ಮತ್ತು ಇತರ ಸ್ಥಳೀಯ ಉದ್ಯಮಿಗಳ ಕೈಯಲ್ಲಿ ಬೆಳೆದು ‘ಮಂಗಳೂರು ಹಂಚು’ ಎಂಬ ಹೆಸರಷ್ಟೇ ಎಲ್ಲರಿಗೂ ಸಾಮಾನ್ಯವಾಗಿ ಉಳಿದಿತ್ತು. ಸಭೆಗಳ ಮಟ್ಟಿಗೆ ಇದರಿಂದಾದ ಬದಲಾವಣೆ ಬೇರೆ ಬಗೆಯದು: ಕೂಲಿ ಎಣಿಸಿ ಕೊಡುವ ಕೈ ಮತ್ತು ಕರ್ತನ ಭೋಜನದಲ್ಲಿ ರೊಟ್ಟಿ ಮುರಿದು ಕೊಡುವ ಕೈ ಈಗ ಬೇರೆ ಬೇರೆಯಾದವು. ಭಾನುವಾರ ಆರಾಧನೆಗೆ ಬಾರದವನ ಕೆಲಸಕ್ಕೆ ಇನ್ನು ಕುತ್ತಿರಲಿಲ್ಲ, ಕುಡಿಯುವವನನ್ನು ಕರೆದು ಕೇಳುವ ಜರ್ಮನ್ ಪಾದ್ರಿಯೂ ಇರಲಿಲ್ಲ. ಆ ವರ್ಷಗಳಲ್ಲಿ ಸ್ಥಳೀಯ ಸಭಾಪಾಲಕರು, ಉಪದೇಶಿಗಳು, ಸಭೆಯಿಂದ ಆಯ್ಕೆಯಾದ ಹಿರಿಯರು, ಬೇರೆ ಮಿಷನ್ನುಗಳಿಂದ ದೊರೆತ ನೆರವಿನೊಂದಿಗೆ ಆರಾಧನೆಯನ್ನೂ ಶಾಲೆಗಳನ್ನೂ ನಡೆಸಿಕೊಂಡು ಬಂದರು. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ಸ್ಥಾಪನೆಯಾದಾಗ ದಕ್ಷಿಣ ಕನ್ನಡದ ಬಾಸೆಲ್ ಮಿಷನ್ ಸಭೆಗಳು ಅದರೊಳಗೆ ಸೇರಿದವು.